ಕಚ್ಚಿದವನ ಹಲ್ಲು

ಐದು ಜನ ಕೂತಿದ್ದರು. ಪುಟ್ಟಿ ನಿಂತಿದ್ದಳು. ಪಕ್ಕದಲ್ಲೇ ಒಂದು ಕುರ್ಚಿ ಖಾಲಿಯಿತ್ತು. ಕೂತ್ಕೋ ಎನ್ನುವ ಮಾತು ಐದು ಬಾಯಲ್ಲಿ ಒಂದರಿಂದಲೂ ಬರಲಿಲ್ಲ.

ಚಿತ್ರಕಲಾ ಕಾಲೇಜಿನ ಸಂದರ್ಶನದ ಕೋಣೆ ಅದು. ಮೇಜಿನ ಮೇಲೆ ಅವಳ ಪುಸ್ತಕ ಬಿದ್ದಿತ್ತು. ಉಳಿದವರೆಲ್ಲ ತಮ್ಮ ಚಿತ್ರಗಳನ್ನು ಚರ್ಮದ ಚೀಲದಲ್ಲಿಟ್ಟು, ಒಂದೊಂದಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ ತಂದಿದ್ದರು. ಪುಟ್ಟಿಯದು ಪೇಂಟ್ ಅಂಗಡಿಯವರು ಬಿಸಾಡಿದ ವಾಲ್‌ಪೇಪರ್ ಕ್ಯಾಟಲಾಗು. ಹಾಳೆಯ ಮುಂದೆ ಹೂಬಳ್ಳಿ, ಹಿಂದೆ ಬರೀ ಬಿಳಿ. ಆ ಬಿಳಿಯಲ್ಲಿ ಮೂರು ವರ್ಷದ ಕೆಲಸವಿತ್ತು. ನಲವತ್ತೆರಡು ಪುಟ. ತಲೆಯ ಮೇಲೆ ಗಿರಗಿರ ತಿರುಗುವ ಹುಡುಗ, ಖಾಲಿ ಡಬ್ಬ ಬಡಿಯುವ ಕೈಗಳು, ಮೈಕಿಲ್ಲದೆ ಹಾಡುವ ಹುಡುಗಿಯ ತೆರೆದ ಬಾಯಿ. ಮಿಕ್ಕದ್ದೆಲ್ಲ ಅಕ್ಷರ. ಒಂದರ ಕಾಲು ಇನ್ನೊಂದರ ಕುತ್ತಿಗೆಗೆ ಸುತ್ತಿ, ಕೊಂಬು ಮೂಡಿ, ಬಾಣ ಚಿಮ್ಮಿ, ಜಡೆಯ ಹಾಗೆ ಬಿಗಿಯಾಗಿ ಹೆಣೆದುಕೊಂಡ ಅಕ್ಷರ.

"ಇದೇನಮ್ಮಾ ಇದು?" ಎಂದರು ಗಡ್ಡದ ಮೇಷ್ಟ್ರು. ಆ ಕಾಲೇಜಿನ ಗೋಡೆಚಿತ್ರದ ವಿಭಾಗಕ್ಕೆ ಅವರೇ ಮುಖ್ಯಸ್ಥರು.

"ಹಿಪ್‌ಹಾಪ್ ಸಾರ್. ನಮ್ ಗುಂಪಿಂದು. ಹಾಡು, ಕುಣಿತ, ತಾಳ, ಗೋಡೆಬರಹ, ಎಲ್ಲಾ ಸೇರಿ..."

"ಗೊತ್ತು, ಗೊತ್ತು. ಬಸ್‌ಸ್ಟ್ಯಾಂಡಿನ ಕಕ್ಕಸಿನ ಬಾಗ್ಲಲ್ಲಿ ನೋಡಿದೀನಿ."

ಐವರೂ ನಕ್ಕರು. ಒಬ್ಬರು ನಗುತ್ತಲೇ ಬಿಸ್ಕತ್ತು ಚಹಾಕ್ಕೆ ಅದ್ದಿದರು.

"ಎಲ್ಲಿ, ಕೈ ತೋರ್ಸು," ಎಂದರು ಮೇಷ್ಟ್ರು.

ಪುಟ್ಟಿ ಎರಡೂ ಕೈ ಚಾಚಿದಳು. ಉಗುರಿನ ಸಂದಿಯಲ್ಲಿ ಬಿಳಿ ಕಟ್ಟಿತ್ತು. ಬೆರಳ ತುದಿ ಉಜ್ಜುಕಾಗದಕ್ಕೆ ಸಿಕ್ಕಿ ಸವೆದು ಕೆಂಪಾಗಿತ್ತು. ಐವರೂ ಬಗ್ಗಿ ನೋಡಿದರು. ಮಾರಲು ತಂದ ಕರುವಿನ ಬಾಯಿ ಅಗಲಿಸಿ ನೋಡುವುದಿಲ್ಲವೇ, ಹಾಗೆ.

"ಬ್ರಶ್ ಹಿಡಿಯೋ ಕೈಯೇ. ಆದ್ರೆ ಸುಣ್ಣದ ಬ್ರಶ್ಶು," ಎಂದರು ಮೇಷ್ಟ್ರು. ಮತ್ತೆ ನಗು.

ಪುಸ್ತಕದ ಕೊನೆಯ ಪುಟ ಬಂದಾಗ ಮಾತ್ರ ಅವರು ನಗಲಿಲ್ಲ. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಪುಸ್ತಕವನ್ನು ಅಡ್ಡ ತಿರುಗಿಸಿ ನೋಡಿದರು. ಆಮೇಲೆ ಮುಚ್ಚಿ ತಮ್ಮ ಕಡೆ ಎಳೆದುಕೊಂಡರು. "ಹೋಗ್ಬಹುದು," ಎಂದರು.

ಹತ್ತು ದಿನ ಬಿಟ್ಟು ಪಟ್ಟಿ ಹಾಕಿದರು. ಅವಳ ಹೆಸರಿರಲಿಲ್ಲ. ಹೋಗಲಿ, ಪುಸ್ತಕವನ್ನಾದರೂ ಕೊಡಿ ಎಂದು ಕೇಳಲು ಹೋದರೆ ಗುಮಾಸ್ತ ಕಿಟಕಿಯಿಂದ ತಲೆಯನ್ನೂ ಎತ್ತಲಿಲ್ಲ.

"ಕೊಟ್ಟಿದ್ದು ವಾಪಸ್ ಇಲ್ಲ. ಅರ್ಜಿ ಕೆಳಗೆ ಸಣ್ಣಕ್ಷರದಲ್ಲಿ ಬರ್ದಿದೆ. ಎಲ್ಲಾ ರದ್ದಿಗೆ ಹೋಯ್ತು."

ಸೀಟು ಸಿಗದಿದ್ದಕ್ಕೆ ಪುಟ್ಟಿ ಅತ್ತಿರಲಿಲ್ಲ. ರದ್ದಿಗೆ ಎಂದು ಕೇಳಿದ ಮೇಲೆ ಕಾಲೇಜಿನ ಕಾಂಪೌಂಡಿಗೆ ಆತು ಕೂತು ಅತ್ತಳು. ಅದರಲ್ಲಿ ಅವಳೊಬ್ಬಳೇ ಇರಲಿಲ್ಲ. ಇಡೀ ಗುಂಪಿತ್ತು.

ಪುಟ್ಟಿ ಎನ್ನುವುದು ಅಮ್ಮ ಕರೆಯುವ ಹೆಸರು. ಅಮ್ಮ ಕಟ್ಟಡಗಳಿಗೆ ಬಣ್ಣ ಬಳಿಯುವವಳು. ಆ ಕೆಲಸದಲ್ಲಿ ಬಣ್ಣಕ್ಕೆ ಮೊದಲು ಗೋಡೆಯ ಬಿರುಕಿಗೆ ಮೆತ್ತುವ ಬಿಳಿ ಹಿಟ್ಟಿಗೂ ಪುಟ್ಟಿ ಎಂದೇ ಹೆಸರು. "ಪುಟ್ಟಿ ಕಲಸ್ರೇ" ಎಂದು ಮೇಸ್ತ್ರಿ ಕೂಗಿದರೆ ಹೆಂಗಸರೆಲ್ಲ ಈ ಹುಡುಗಿಯ ಮುಖ ನೋಡಿ ನಗುತ್ತಿದ್ದರು. ಬೈಗುಳ ಆಗಬಹುದಾಗಿದ್ದ ಹೆಸರನ್ನು ಅವಳೇ ಎತ್ತಿಕೊಂಡು ಗೋಡೆಗೆ ಬರೆದಳು. ಬಿರುಕಿದ್ದ ಕಡೆಯೆಲ್ಲ ನಾನಿದ್ದೇನೆ ಎನ್ನುವುದು ಅವಳ ಜಂಬ.

ಗುಂಪು ಸೇರುತ್ತಿದ್ದದ್ದು ಮೇಲ್ಸೇತುವೆಯ ಕೆಳಗೆ, ಕೆಲಸ ಮುಗಿಸಿಕೊಂಡು ಸಂಜೆ ಐದೂವರೆಗೆ. ಅಲ್ಲಿ ಎಲ್ಲರಿಗೂ ಅಡ್ಡಹೆಸರೇ. ಟೈರಿಗೆ ಪಂಕ್ಚರ್ ಹಾಕುವ ಬುಗುರಿ ರಟ್ಟು ಹಾಸಿ ಅದರ ಮೇಲೆ ತಲೆಯೂರಿ ತಿರುಗುತ್ತಿದ್ದ. ನೀರಿನ ಕ್ಯಾನು ಹೊರುವ ಡಬ್ಬ ಸಿಕ್ಕಿದ್ದನ್ನೆಲ್ಲ ಬಡಿದು ತಾಳ ಹಾಕುತ್ತಿದ್ದ. ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ತುಟಿ ಹೊಲಿದುಕೊಂಡಿರಬೇಕಾದ ಬಾಯಿಬಡುಕಿ ಅಲ್ಲಿಗೆ ಬಂದರೆ ಉಸಿರು ಬಿಡದೆ ಪ್ರಾಸ ಕಟ್ಟಿ ಹಾಡುತ್ತಿದ್ದಳು. ಪುಟ್ಟಿ ಬರೆಯುತ್ತಿದ್ದಳು.

ಅಲ್ಲಿಯ ಕಾನೂನು ಒಂದೇ. ಇನ್ನೊಬ್ಬರ ಅಕ್ಷರದ ವರಸೆ ಕದಿಯಬಾರದು. ಕದ್ದರೆ ಅದಕ್ಕೆ ಕಚ್ಚುವುದು ಎನ್ನುತ್ತಾರೆ. ಕಚ್ಚಿದವನನ್ನು ಗುಂಪಿನ ಹತ್ತಿರವೂ ಸೇರಿಸುವುದಿಲ್ಲ. ಬರೆಯುವವರೆಲ್ಲ ತಮ್ಮ ಪುಸ್ತಕದ ಕೊನೆಯ ಪುಟವನ್ನು ಕಚ್ಚುವವರಿಗೆಂದೇ ಮೀಸಲಿಡುತ್ತಾರೆ. ಅದು ಶಾಪದ ಪುಟ. ತಮಗೆ ಗೊತ್ತಿರುವ ಅತಿ ಕಷ್ಟದ ಹೆಣಿಗೆಯಲ್ಲಿ ಬರೆಯಬೇಕು. ಗುಂಪಿನವರನ್ನು ಬಿಟ್ಟು ಬೇರೆ ಯಾರಿಗೂ ಓದಲು ಬರಬಾರದು.

ತನ್ನ ಶಾಪಕ್ಕೆ ಪುಟ್ಟಿ ವಾರಗಟ್ಟಲೆ ತಿಣುಕಿದ್ದಳು. ಕೊನೆಗೆ ಅಮ್ಮನನ್ನು ಕೇಳಿದಳು. ಅಮ್ಮ ಸೀಮೆಎಣ್ಣೆಯಲ್ಲಿ ಬ್ರಶ್ ತೊಳೆಯುತ್ತಿದ್ದಳು.

"ಕಚ್ಚಿದವರಿಗೆ ಏನಂತ ಶಾಪ ಹಾಕ್ಲಿ ಅಮ್ಮಾ?"

"ಯಾರಿಗೆ, ನಾಯಿಗಾ?"

"ಅಲ್ಲ. ನಾನು ಬರ್ದಿದ್ದನ್ನ ಕದ್ದು ತಮ್ಮದು ಅಂದವರಿಗೆ."

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಕಚ್ಚಿದವನ ಹಲ್ಲು ಉದುರಲಿ ಅಂತ ಬರಿ."

ಶಾಪ ಹಾಕುವ ವಿದ್ಯೆಯಲ್ಲಿ ಅಮ್ಮನನ್ನು ಮೀರಿಸುವವರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಪುಟ್ಟಿ ಹಾಗೇ ಬರೆದಳು. ಕೆಳಗೆ "ಇದು ಪುಟ್ಟಿ ಪುಸ್ತಕ" ಎಂದು ಸೇರಿಸಿದಳು. ಹನ್ನೊಂದು ದಿನ ಹೆಣೆದಳು. ಪುಸ್ತಕದಲ್ಲಿ ಅತಿ ಚೆಂದದ ಪುಟ ಅದೇ ಆಯಿತು.

ಆರು ತಿಂಗಳಾದ ಮೇಲೆ ಅದೇ ಕಾಲೇಜಿಗೆ ಬಣ್ಣ ಬಳಿಯುವ ಗುತ್ತಿಗೆ ಮೇಸ್ತ್ರಿಗೆ ಸಿಕ್ಕಿತು. ವಾರ್ಷಿಕ ಪ್ರದರ್ಶನವಂತೆ, ಬಾಗಿಲಿಂದ ಹಿತ್ತಿಲವರೆಗೆ ಹೊಸದಾಗಬೇಕಂತೆ. ಅಮ್ಮ ಹೋದಳು. ಪುಟ್ಟಿಯೂ ಹೋದಳು. ಬೇಡ ಎನ್ನುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ.

ಮುಂಬಾಗಿಲ ಹಜಾರದ ದೊಡ್ಡ ಗೋಡೆ ಅವಳ ಪಾಲಿಗೆ ಬಂತು. ಇಪ್ಪತ್ತಡಿ ಎತ್ತರ. ಹಳೇ ಬಣ್ಣ ಕೆರೆಯಬೇಕು. ಬಿರುಕು ಮೆತ್ತಬೇಕು. ಒಣಗಿದ ಮೇಲೆ ಉಜ್ಜಬೇಕು. ಕಬ್ಬಿಣದ ಅಟ್ಟಣಿಗೆಯ ಮೇಲೆ ನಿಂತು ಕತ್ತೆತ್ತಿ ಉಜ್ಜಿದರೆ ಪುಡಿ ಕಣ್ಣಿಗೇ ಬೀಳುತ್ತದೆ. ಭುಜ ಹರಿದುಬೀಳುವಷ್ಟು ನೋವು. ಸಂಜೆ ಮೂಗು ಸೀಟಿದರೆ ಬಿಳಿ. ಉಗಿದರೆ ಬಿಳಿ. ಕಾಲೇಜಿನ ಕಕ್ಕಸು ಕೆಲಸದವರಿಗಲ್ಲ ಎಂದಿದ್ದರು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ದಿನ ತಳ್ಳಿದರು.

ಎರಡನೇ ದಿನ ಗಡ್ಡದ ಮೇಷ್ಟ್ರು ಬಂದು ಗೋಡೆ ಸವರಿದರು. ಮುಖಕ್ಕೆ ಬಟ್ಟೆ ಸುತ್ತಿ, ರೆಪ್ಪೆಯವರೆಗೆ ಬೆಳ್ಳಗಾಗಿದ್ದ ಪುಟ್ಟಿಯ ಗುರುತು ಅವರಿಗೆ ಹತ್ತಲಿಲ್ಲ.

"ಇದೇನು ಗೋಡೆನಾ, ರಸ್ತೆನಾ? ನನ್ ಚಿತ್ರ ಬರೋ ಜಾಗ ಇದು. ಇನ್ನೊಂದ್ಸಲ ಉಜ್ಜು."

ಉಜ್ಜಿದಳು. ಮರುದಿನ ಮತ್ತೆ ಬಂದರು, ಮತ್ತೆ ಬೆರಳಾಡಿಸಿದರು, ಮತ್ತೆ ಉಜ್ಜು ಎಂದರು. ಮೂರು ಸಲ ಉಜ್ಜಿದಳು. ಹೆಬ್ಬೆರಳು ಒಡೆದು ರಕ್ತದ ಗೆರೆ ಗೋಡೆಗೆ ಹತ್ತಿತು. ಅದರ ಮೇಲೆ ಎರಡು ಕೋಟು ಬಿಳಿ ಬಳಿದು ಗೋಡೆ ಒಪ್ಪಿಸಿದಳು.

ಒಂದು ವಾರ ಹಜಾರಕ್ಕೆ ಪರದೆ ಬಿತ್ತು. ಮೇಷ್ಟ್ರೂ ಅವರ ಶಿಷ್ಯರೂ ಒಳಗೆ ಸೇರಿಕೊಂಡರು. ಕೆಲಸದ ಹೆಂಗಸರು ಹಿಂದಿನ ಹಾಸ್ಟೆಲಿಗೆ ಬಣ್ಣ ಬಳಿದರು. ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ, ನೆಲಕ್ಕೆ ಬಿದ್ದ ಬಣ್ಣದ ಹನಿ ಕೆರೆಯಲು ಯಾರಾದರೂ ಬನ್ನಿ ಎಂದರು. ಪುಟ್ಟಿ ಕೆರೆಯುವ ತಗಡು ಹಿಡಿದು ಪರದೆಯೊಳಗೆ ಹೋದಳು. ತಲೆಯೆತ್ತಿದಳು.

ಗೋಡೆಯ ತುಂಬ ಅವಳ ಅಕ್ಷರ. ಅವಳ ಕೊಂಬು. ಅವಳ ಬಾಣ. ಎರಡನೇ ಸಾಲಿನಲ್ಲಿ ಅವಳ ಕೈ ಜಾರಿ ವಕ್ರವಾಗಿದ್ದ ಒಂದು ಒತ್ತು, ಅದೂ ಹಾಗೇ ವಕ್ರವಾಗಿ, ಆಳೆತ್ತರ ನಿಂತಿತ್ತು. ಮೂಲೆಯಲ್ಲಿ ಹಿತ್ತಾಳೆಯ ಫಲಕ. ಮೇಷ್ಟ್ರ ಹೆಸರು. ಕೆಳಗೆ ಚಿತ್ರದ ಹೆಸರು: ಅರ್ಥವಿಲ್ಲದ ಕೂಗು.

ಪುಟ್ಟಿ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಹಾನುಭಾವ ನಲವತ್ತೊಂದು ಪುಟ ಬಿಟ್ಟು ಶಾಪದ ಪುಟವನ್ನೇ ಕಚ್ಚಿದ್ದ. ಕಚ್ಚಿದವನ ಹಲ್ಲು ಉದುರಲಿ, ಇದು ಪುಟ್ಟಿ ಪುಸ್ತಕ ಎಂದು ಇಪ್ಪತ್ತಡಿ ಎತ್ತರಕ್ಕೆ ತಾನೇ ಏಣಿ ಹತ್ತಿ ಬರೆದು, ಕೆಳಗೆ ತನ್ನ ಹೆಸರು ಹಾಕಿಕೊಂಡಿದ್ದ. ಗುಲಗಂಜಿಯಷ್ಟೂ ಓದಲು ಬರದೆ.

ನಗು ನಿಂತಿತು. ಆ ಗೋಡೆಯನ್ನು ನುಣ್ಣಗೆ ಮಾಡಿಕೊಟ್ಟವಳು ತಾನೇ ಎನ್ನುವುದು ನೆನಪಾಯಿತು. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಬಂದರು. ಅವಳು ಮುಖದ ಬಟ್ಟೆ ಬಿಚ್ಚಿದಳು.

"ಸಾರ್, ಇದು ನಂದು."

ಗುರುತು ಹತ್ತಿತು. ಅದು ಅವರ ಮುಖದ ಮೇಲೆ ಒಂದು ಕ್ಷಣ ಕಂಡು ಹೋಯಿತು.

"ನಿಂದಾ? ಬೀದಿ ಗೋಡೆ ಮೇಲೆ ಗೀಚೋದು ಯಾರಪ್ಪಂದೂ ಅಲ್ಲಮ್ಮ. ಬೀದೀಲಿ ಬಿದ್ದಿದ್ದು ಎಲ್ಲರದ್ದೂ. ನಾನು ಅದನ್ನ ಕಲೆ ಮಾಡಿದೀನಿ. ನೀನು ನೆಲ ಕೆರಿ."

ಸಂಜೆ ಮೇಲ್ಸೇತುವೆಯ ಕೆಳಗೆ ಗುಂಪು ಕುದಿಯಿತು. ಈಗಲೇ ಹೋಗಿ ಡಾಂಬರು ಎರಚೋಣ ಎಂದ ಬುಗುರಿ. ಡಬ್ಬ ಆಗಲೇ ಒಂದು ಟಿನ್ ಎತ್ತಿಕೊಂಡಿದ್ದ. ಮಗಳನ್ನು ಹುಡುಕಿಕೊಂಡು ಬಂದ ಅಮ್ಮ ಎಲ್ಲವನ್ನೂ ಕೇಳಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಮೂವತ್ತು ವರ್ಷದಿಂದ ಗೋಡೆ ಮುಚ್ಚೋದೇ ನನ್ ಕೆಲ್ಸ ಕಣ್ರೋ. ಒಂದ್ಸಲ ಬಳಿದ್ರೆ ಕೆಳಗೇನಿತ್ತು ಅಂತ ನಾಯೀನೂ ಕೇಳಲ್ಲ. ಡಾಂಬರು ಹಾಕಿದ್ರೆ ಅವನ ಕಳ್ಳತನ ನೀವೇ ಮುಚ್ಚಿಕೊಟ್ಟ ಹಾಗೆ."

"ಮತ್ತೇನ್ಮಾಡೋದು ಅಮ್ಮಾ, ಸುಮ್ನಿರೋದಾ?" ಎಂದಳು ಪುಟ್ಟಿ.

"ಸುಮ್ನಿರು ಅಂದ್ನಾ ನಾನು? ಓದಿ. ಊರೆಲ್ಲ ಕೇಳೋ ಹಾಗೆ ಓದಿ."

ಮರುದಿನ ಬೆಳಿಗ್ಗೆ ಹತ್ತೂವರೆಗೆ ಪರದೆ ಸರಿಯಿತು. ಹಜಾರ ತುಂಬ ಜನ. ಪತ್ರಿಕೆಯವರಿದ್ದರು. ವಿದ್ಯಾರ್ಥಿಗಳಿದ್ದರು. ಮುಖ್ಯ ಅತಿಥಿ ಒಬ್ಬ ಮುದುಕಿ, ಹೆಸರು ಮಾಡಿದ ಚಿತ್ರಕಲಾವಿದೆ, ಊರುಗೋಲು ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲ್ ಮೇಡಂ. ಕೆಲಸದ ಹೆಂಗಸರು ಗೋಡೆಯ ಅಂಚಿಗೆ ನಿಂತಿದ್ದರು. ಸಮಾರಂಭ ಮುಗಿದ ಮೇಲೆ ಹಿಂದಿನ ವರಾಂಡಕ್ಕೆ ಬಣ್ಣ ಬಳಿಯುವುದು ಬಾಕಿಯಿತ್ತು.

ಮೇಷ್ಟ್ರು ಮಾತಾಡಿದರು. ಸಮಾಜದ ಅಂಚಿನಲ್ಲಿರುವವರ ನೋವು ಎಂದರು. ದನಿಯಿಲ್ಲದವರಿಗೆ ತಾನು ದನಿಯಾದೆ ಎಂದರು. ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದರು.

ಅಂಚಿನಲ್ಲಿದ್ದ ಪುಟ್ಟಿ ಕೈ ಎತ್ತಿದಳು. ಬಣ್ಣದ ಕಲೆಯ ಅಂಗಿಯಲ್ಲೇ ಮುಂದೆ ಬಂದಳು.

"ಅದರಲ್ಲಿ ಏನ್ ಬರ್ದಿದೆ, ಓದಿ ಸಾರ್."

ಮೇಸ್ತ್ರಿ ಹಿಂದಿನಿಂದ ಅವಳ ತೋಳು ಹಿಡಿದು ಎಳೆದ. ಮುದುಕಿ ಊರುಗೋಲು ನೆಲಕ್ಕೆ ಕುಟ್ಟಿದರು. "ಬಿಡಪ್ಪಾ ಅವಳ್ನ. ಕೇಳಲಿ."

"ಇದು ಓದೋದಲ್ಲ," ಎಂದರು ಮೇಷ್ಟ್ರು, ನಗುಮುಖದಲ್ಲೇ. "ಅನುಭವಿಸೋದು. ಇದರಲ್ಲಿ ಶಬ್ದ ಇಲ್ಲ, ಅರ್ಥ ಇಲ್ಲ. ಅಕ್ಷರದ ಹಾಗೆ ಕಾಣೋ ಬರೀ ಗೆರೆ."

"ಬರೀ ಗೆರೆ. ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಪುಟ್ಟಿ ಮುದುಕಿಯ ಕಡೆ ತಿರುಗಿದಳು. "ಅಮ್ಮಾವ್ರೇ, ಗೇಟಿನ ಹೊರಗೆ ನಮ್ಮೋರು ಮೂರು ಜನ ಇದಾರೆ. ನೀವೇ ಒಬ್ಬೊಬ್ಬರನ್ನಾಗಿ ಕರ್ಸಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಬಾರದು."

ಮುದುಕಿಗೆ ಮೋಜು ಹತ್ತಿತ್ತು. ತಾವೇ ಎದ್ದು ಒಬ್ಬ ವಿದ್ಯಾರ್ಥಿಯನ್ನು ಗೇಟಿಗೆ ಅಟ್ಟಿದರು. ಬುಗುರಿ ಬಂದ. ಗ್ರೀಸು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗೋಡೆ ನೋಡಿ, ಬಸ್ಸಿನ ಬೋರ್ಡು ಓದುವಷ್ಟು ಸಲೀಸಾಗಿ ಓದಿದ.

"ಕಚ್ಚಿದವನ ಹಲ್ಲು ಉದುರಲಿ. ಇದು ಪುಟ್ಟಿ ಪುಸ್ತಕ."

ಅವನನ್ನು ಒಂದು ಮೂಲೆಗೆ ಕಳಿಸಿ ಬಾಯಿಬಡುಕಿಯನ್ನು ಕರೆಸಿದರು. "ಕಚ್ಚಿದವನ ಹಲ್ಲು ಉದುರಲಿ," ಎಂದಳು ಅವಳು ಸೊಂಟದ ಮೇಲೆ ಕೈಯಿಟ್ಟು, "ಇದು ಪುಟ್ಟಿ ಪುಸ್ತಕ." ಡಬ್ಬ ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಒಂದೊಂದೇ ಅಕ್ಷರದ ಕಡೆ ಬೆರಳು ಚಾಚಿ ಕೂಡಿಸಿ ಓದಿದ. ಎಲ್ಲಿ ಅಕ್ಷರ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಅವನ ಬೆರಳೇ ತೋರಿಸಿತು. ಅವನು "ಪುಟ್ಟಿ" ಎನ್ನುವ ಕಡೆ ಬಂದಾಗ ವಿದ್ಯಾರ್ಥಿಗಳಿಗೂ ಕಂಡಿತು. ಒಮ್ಮೆ ಕಂಡದ್ದನ್ನು ಕಾಣದ ಹಾಗೆ ಮಾಡಲು ಆಗುತ್ತದೆಯೇ? ಇಡೀ ಹಜಾರ ಗೋಡೆಯನ್ನು ಗಟ್ಟಿಯಾಗಿ ಓದಲು ಹತ್ತಿತು.

"ಪುಟ್ಟಿ ಯಾರು?" ಎಂದರು ಮುದುಕಿ.

"ನಾನು."

"ಹಲ್ಲಿನ ಮಾತು ನಂದು," ಎಂದಳು ಅಮ್ಮ ಹಿಂದಿನಿಂದ. ಸಿಗಬೇಕಾದ ಶ್ರೇಯ ಬಿಡುವ ಹೆಂಗಸಲ್ಲ ಅವಳು.

ಡಬ್ಬ ಮೂಲೆಯಲ್ಲಿದ್ದ ಖಾಲಿ ಪೇಂಟ್ ಟಿನ್ನು ಬೋರಲು ಹಾಕಿ ಬಡಿದ. ಬಾಯಿಬಡುಕಿ ಎತ್ತಿಕೊಂಡಳು. ಕಚ್ಚಿದವನ ಹಲ್ಲು, ಉದುರಲಿ. ಮೆತ್ತಗೆ ನಕ್ಕವನ ಹಲ್ಲು, ಉದುರಲಿ. ಕೈ ತೋರ್ಸು ಅಂದವನ ಹಲ್ಲು, ಉದುರಲಿ. ಉದುರಲಿ ಎನ್ನುವುದನ್ನು ವಿದ್ಯಾರ್ಥಿಗಳು ಹೇಳಿದರು. ಮೇಷ್ಟ್ರು ತುಟಿ ಬಿಗಿದುಕೊಂಡು ನಿಂತರು. ಬಾಯಿ ತೆರೆದರೆ ಎಲ್ಲರೂ ಹಲ್ಲನ್ನೇ ನೋಡುತ್ತಾರೆಂದು ಅವರಿಗೂ ಗೊತ್ತಿತ್ತು. ಪುಟ್ಟಿ ಕಣ್ಣು ಮಿಟುಕಿಸದೆ ಅವರನ್ನೇ ನೋಡಿದಳು. ಅಂಥ ಸುಖ ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಪ್ರಿನ್ಸಿಪಾಲ್ ಮೇಡಂ ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದರು. ಮೇಸ್ತ್ರಿ ಓಡಿಬಂದ.

"ಬನ್ರೇ, ರೋಲರ್ ತಗೊಳ್ಳಿ. ಊಟದ ಹೊತ್ತಿಗೆ ಈ ಗೋಡೆ ಬೆಳ್ಳಗಾಗ್ಬೇಕು."

ಅಮ್ಮ ತನ್ನ ಕೈಯಲ್ಲಿದ್ದ ರೋಲರನ್ನು ನೆಲಕ್ಕೆ ಹಾಕಿದಳು. ಶಬ್ದವಾಗುವ ಹಾಗೇ ಹಾಕಿದಳು.

"ಬಳಿಯಲ್ಲ."

"ಏನು?"

"ಕಿವಿಗೂ ಪುಟ್ಟಿ ಮೆತ್ಕೊಂಡಿದೀಯಾ? ಬಳಿಯಲ್ಲ ಅಂದೆ."

"ನಾಳೆಯಿಂದ ಕೆಲ್ಸ ಇಲ್ಲ ನಿಂಗೆ!"

"ನಾಳೆದು ನಾಳೆ. ಇವತ್ತು ಇಲ್ಲಿಂದ ಏಳಲ್ಲ."

ಗೋಡೆಗೆ ಬೆನ್ನು ಕೊಟ್ಟು ಕೂತಳು. ಮಿಕ್ಕ ಐದು ಜನ ಹೆಂಗಸರು ಮುಖ ಮುಖ ನೋಡಿಕೊಂಡರು. ಮನೆಯಲ್ಲಿ ಉರಿಯಬೇಕಾದ ಒಲೆ ಎಲ್ಲರಿಗೂ ಇತ್ತು. ಒಬ್ಬಳು ಬ್ರಶ್ ಕೆಳಗಿಟ್ಟಳು. ಆಮೇಲೆ ಇನ್ನೊಬ್ಬಳು. ಆರೂ ಜನ ಸಾಲಾಗಿ ಕೂತರು. ಪತ್ರಿಕೆಯವರು ಫೋಟೊ ತೆಗೆದರು. ಮೇಸ್ತ್ರಿ ತಾನೇ ರೋಲರ್ ಎತ್ತಿಕೊಂಡ, ಆರು ಜೊತೆ ಕಣ್ಣು ನೋಡಿ ಇಟ್ಟುಬಿಟ್ಟ.

ಮಧ್ಯಾಹ್ನ ಪುಟ್ಟಿಯನ್ನೂ ಅಮ್ಮನನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದರು. ಮುದುಕಿಯೂ ಮೇಷ್ಟ್ರೂ ಒಳಗಿದ್ದರು. ಈ ಸಲ ಕುರ್ಚಿ ಹಾಕಿದ್ದರು. ಅಮ್ಮ ಬಣ್ಣದ ಸೀರೆಯಲ್ಲೇ ಮೆತ್ತೆಯ ಮೇಲೆ ಪೂರ್ತಿ ಒರಗಿ ಕೂತಳು.

"ಏನ್ ಬೇಕು ನಿಮ್ಗೆ?" ಎಂದರು ಮೇಡಂ.

"ಪುಸ್ತಕ," ಎಂದಳು ಪುಟ್ಟಿ.

ಮೇಷ್ಟ್ರು ತಮ್ಮ ಬೀರುವಿನಿಂದ ತಂದರು. ರದ್ದಿಗೆ ಹೋಗಿದ್ದ ಪುಸ್ತಕ! ಕೊನೆಯ ಪುಟವನ್ನು ಬ್ಲೇಡಿನಲ್ಲಿ ಕೊಯ್ದು ಒಳಗೆ ಸಿಕ್ಕಿಸಿದ್ದರು. ಪುಟ್ಟಿ ಒಂದೊಂದೇ ಹಾಳೆ ಮಗುಚಿದಳು. ಎಲ್ಲ ಪುಟದ ಮೇಲೂ ಪೆನ್ಸಿಲ್ಲಿನ ಚೌಕುಳಿ. ಚಿತ್ರ ಹಿಗ್ಗಿಸಿ ಬರೆಯುವವರು ಹಾಕುವ ಚೌಕುಳಿ. ಒಂದೇ ಗೋಡೆಗೆ ನಿಲ್ಲುವ ಅಂದಾಜಿರಲಿಲ್ಲ, ಇಡೀ ಪುಸ್ತಕವನ್ನೇ ತಿನ್ನಲು ಎಲೆ ಹಾಕಿಕೊಂಡು ಕೂತಿದ್ದರು. ಬುಗುರಿಯ ಮುಖದ ಮೇಲೂ ಗೆರೆ ಎಳೆದಿದ್ದರು.

"ಫಲಕದ ಮೇಲೆ ಇಬ್ಬರ ಹೆಸ್ರೂ ಹಾಕೋಣ," ಎಂದರು ಮೇಡಂ. "ಚಿತ್ರ ಅವರದ್ದು, ಪ್ರೇರಣೆ ನಿಂದು."

"ಪ್ರೇರಣೆ ಬೇಡ ಮೇಡಂ. ಕಚ್ಚಿಸ್ಕೊಂಡವಳು ಅಂತ ಹಾಕಿ."

ಮುದುಕಿ ಕೆಮ್ಮಿನಲ್ಲಿ ನಗು ಅಡಗಿಸಿದರು. ಆಮೇಲೆ, ನಾಳೆ ಪತ್ರಿಕೆಯಲ್ಲಿ ನಾನೂ ಬರೆಯುವವಳೇ ಎಂದು ಮೆಲ್ಲಗೆ ನೆನಪಿಸಿದರು. ಮೇಡಂ ನೀರು ಕುಡಿದರು.

ಪುಟ್ಟಿ ಹೇಳುತ್ತ ಹೋದಳು. ಗೋಡೆ ಹಾಗೇ ಇರಬೇಕು. ಮೇಷ್ಟ್ರು ತಮ್ಮ ಫಲಕವನ್ನು ತಾವೇ ಕಳಚಬೇಕು. ಆರು ಜನ ಹೆಂಗಸರಿಗೂ ಕೆಲಸ ಉಳಿಯಬೇಕು. ಪುಸ್ತಕದ ಮೇಲಿನ ಚೌಕುಳಿ ಹೋಗಬೇಕು. ಮೇಡಂ ಒಂದೊಂದಕ್ಕೂ ತಲೆಯಾಡಿಸಿದರು.

"ಹೋಗ್ಬೇಕು ಅಂದ್ರೆ?" ಎಂದರು ಮೇಷ್ಟ್ರು.

"ರಬ್ಬರ್ ತಗೊಳ್ಳಿ ಸಾರ್. ಈಗ್ಲೇ. ನನ್ನ ಬಣ್ಣ ಏಳ್ಬಾರ್ದು."

ವರಾಂಡದಲ್ಲಿ ಮೇಜು ಹಾಕಿ ಕೂರಿಸಿದರು. ಎಲ್ಲರೂ ಓಡಾಡುವ ಜಾಗ. ಮೇಷ್ಟ್ರು ಉಜ್ಜಿದರು. ಬೆವರು ಹಾಳೆಗೆ ಬೀಳದಂತೆ ಅಮ್ಮ ಪಕ್ಕದಲ್ಲೇ ನಿಂತು ಕಾವಲು ಕಾದಳು. ಹತ್ತನೇ ಪುಟಕ್ಕೆ ಬೆರಳು ಅದುಮಿಕೊಂಡರು. ಇಪ್ಪತ್ತಕ್ಕೆ ಮಣಿಕಟ್ಟು ಕೊಡವಿದರು. ಪುಟ್ಟಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಮೂರನ್ನು ಹಿಂದಕ್ಕೆ ಕೊಟ್ಟಳು. ಕರುಣೆ ಬರಲಿಲ್ಲ ಅವಳಿಗೆ. ಬರಬೇಕಾಗಿತ್ತು ಎಂದು ಯಾರಾದರೂ ಹೇಳಿದರೆ ಅವರಿಗೊಂದು ರಬ್ಬರು ಕೊಡಬಹುದು. ನಲವತ್ತೆರಡನೇ ಪುಟ ಮುಗಿಯುವ ಹೊತ್ತಿಗೆ ಕಾಲೇಜಿನ ಸಂಜೆ ಗಂಟೆ ಹೊಡೆದಿತ್ತು.

ಸೀಟಿನ ಮಾತು ಮೇಡಂ ತಾವಾಗಿಯೇ ಎತ್ತಿದರು. "ಬೇರೆ ವಿಭಾಗದಲ್ಲಿ ಕೊಡ್ತೀವಿ. ದಿನಾ ಅವರ ಮುಖ ನೋಡೋದು ತಪ್ಪುತ್ತೆ ನಿಂಗೆ."

"ಅವರ ಮುಖಾನೇ ನೋಡ್ಬೇಕು ಮೇಡಂ. ಅವರ ಕ್ಲಾಸಲ್ಲೇ ಕೊಡಿ."

ಗುಮಾಸ್ತ ಅರ್ಜಿ ತುಂಬಿದ. ಪೂರ್ತಿ ಹೆಸರು ಹೇಳು ಎಂದ. ಗೋಡೆ ಮೇಲಿರೋದೇ ಪೂರ್ತಿ ಹೆಸರು ಎಂದಳು.

ಕ್ಲಾಸು ಶುರುವಾದ ದಿನ ಪುಟ್ಟಿ ಮೊದಲ ಬೆಂಚಿನ ಮಧ್ಯದಲ್ಲಿ ಕೂತಳು. ಮೇಷ್ಟ್ರು ಬಂದರು. ಹಾಜರಿ ಪುಸ್ತಕ ತೆರೆದು ಒಂದೊಂದೇ ಹೆಸರು ಕರೆಯುತ್ತ ಕೆಳಗಿಳಿದರು. ಒಂದು ಕಡೆ ಬೆರಳು ನಿಂತಿತು. ಗಂಟಲು ಸರಿಮಾಡಿಕೊಂಡು, ಪುಸ್ತಕದ ಕಡೆಗೇ ಬಗ್ಗಿ, ತುಟಿ ಅಲುಗಿಸಿದರು.

"ಕೇಳಿಸ್ಲಿಲ್ಲ ಸಾರ್," ಎಂದಳು ಪುಟ್ಟಿ.

ಮೂವತ್ತು ಜನ ಕತ್ತು ಚಾಚಿದರು. ಮೇಷ್ಟ್ರು ತಲೆಯೆತ್ತಿದರು.

"ಪುಟ್ಟಿ."

"ಹಾಜರ್ ಸಾರ್. ನಾಲ್ಕು ವರ್ಷ ಇದೆ, ನಾಳೆ ಇನ್ನೂ ಸ್ವಲ್ಪ ಜೋರಾಗಿ ಕರೀರಿ."